ಮಕ್ಕಳನ್ನು ಒಪ್ಪಿಸುವ ಅರ್ಧ ಗಂಟೆ

ನಮ್ಮ ಕನ್ನಡ ಸಭೆಯ ಆರಾಧನೆ ಮುಗಿಯುವುದಕ್ಕೂ ಅದೇ ಕಟ್ಟಡದಲ್ಲಿ ತಮಿಳು ಸಭೆಯವರ ಆರಾಧನೆ ಶುರುವಾಗುವುದಕ್ಕೂ ನಡುವೆ ಅರ್ಧ ಗಂಟೆ ಸಿಗುತ್ತದೆ. ಆ ಅರ್ಧ ಗಂಟೆಯಲ್ಲಿ ಒಂದು ಗುಂಪು ಹೊರಗೆ ಬರುತ್ತದೆ, ಇನ್ನೊಂದು ಒಳಗೆ ಹೋಗುತ್ತದೆ. ಚಪ್ಪಲಿಗಳು ಅದಲುಬದಲಾಗುತ್ತವೆ, ಸ್ಕೂಟರ್‌ಗಳು ಒಂದಕ್ಕೊಂದು ಅಡ್ಡ ನಿಲ್ಲುತ್ತವೆ, ಟೀ ಕ್ಯಾನಿನ ಮುಂದೆ ಎರಡು ಭಾಷೆಯ ಜನ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಸಂಡೇ ಸ್ಕೂಲ್ ನಡೆಸುವವನಿಗೆ ಪಾಠ ಕಷ್ಟ ಅಂತ ಎಲ್ಲರೂ ತಿಳಿದಿದ್ದಾರೆ. ಪಾಠ ಕಷ್ಟವಲ್ಲ. ಈ ಅರ್ಧ ಗಂಟೆ ಕಷ್ಟ.

ನಾನು ಪಲ್ಲಾವರಂನಲ್ಲಿ ಸೋಫಾ ಕೆಲಸ ಮಾಡುವವನು. ಓದಿದ್ದು ಏಳನೇ ಕ್ಲಾಸು. ಇದನ್ನು ತಲೆ ತಗ್ಗಿಸಿ ಹೇಳುತ್ತಿಲ್ಲ. ನನಗಿಂತ ಮುಂಚೆ ಬಿ.ಎಡ್. ಮಾಡಿದ ಇಬ್ಬರು ನಮ್ಮ ಸಂಡೇ ಸ್ಕೂಲನ್ನು ವಹಿಸಿಕೊಂಡು ಬಿಟ್ಟುಹೋಗಿದ್ದರು. ಒಬ್ಬರಿಗೆ ಕಟ್ಟಡದ ಹಿಂದಿನ ಶೀಟಿನ ಶೆಡ್ಡಿನ ಸೆಕೆ ಆಗಲಿಲ್ಲ, ಇನ್ನೊಬ್ಬರಿಗೆ ಮಕ್ಕಳ ತಮಿಳು ಆಗಲಿಲ್ಲ. ನನಗೆ ಎರಡೂ ಆಗುತ್ತಿತ್ತು. ನಾನು ಕನ್ನಡದಲ್ಲಿ ಕೇಳುತ್ತೇನೆ, ಮಕ್ಕಳು ತಮಿಳಿನಲ್ಲಿ ಹೇಳುತ್ತಾರೆ, ನಡುವೆ ಇಂಗ್ಲಿಷ್ ತೂರುತ್ತದೆ, ಕಥೆ ಎಲ್ಲೂ ನಿಲ್ಲುವುದಿಲ್ಲ. ನನ್ನ ಜೊತೆ ಗದಗಿನ ಕಡೆಯ ಒಬ್ಬ ಅಕ್ಕ ಇದ್ದಾರೆ, ರೈಲ್ವೆಯಿಂದ ರಿಟೈರಾದವರೊಬ್ಬರ ಹೆಂಡತಿ. ಮಕ್ಕಳು ಟೀಚರಕ್ಕ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಹಾಡು ಅವರದು, ಕಥೆ ಮತ್ತು ಕೈಕೆಲಸ ನನ್ನದು.

ಆ ತಿಂಗಳು ದೊಡ್ಡ ಮೀನಿನ ಹೊಟ್ಟೆಯಲ್ಲಿ ಪ್ರಾರ್ಥನೆ ಮಾಡಿದ ಯೋನನ ಕಥೆ ನಡೆಯುತ್ತಿತ್ತು. ಹಳೆ ಸೋಫಾದಿಂದ ಬಿಚ್ಚಿದ ಫೋಮು, ಬೂದು ಬಣ್ಣದ ರೆಕ್ಸಿನ್, ಒಳಗೆ ಬಿದಿರಿನ ಬಳೆಗಳು, ಇಷ್ಟರಲ್ಲಿ ಮಕ್ಕಳು ತೆವಳಿ ಒಳಗೆ ಹೋಗುವಂಥ ಮೀನು ಮಾಡಿದ್ದೆ. ಬಾಯಿಂದ ಹೋಗಬೇಕು, ಬಾಯಿಂದಲೇ ಬರಬೇಕು. ಒಳಗೆ ಹೋದವರು ಪ್ರಾರ್ಥನೆ ಮಾಡದೆ ಹೊರಗೆ ಬರುವ ಹಾಗಿಲ್ಲ. ಆ ಮೀನಿಗೋಸ್ಕರ ಮಕ್ಕಳು ಅಪ್ಪ ಅಮ್ಮನನ್ನು ಎಬ್ಬಿಸಿಕೊಂಡು ಬರುತ್ತಿದ್ದರು.

ನಮ್ಮ ಸಭೆಯಲ್ಲಿ ಒಂದು ರೂಢಿ ಇತ್ತು. ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಕೊನೆಯ ಆಶೀರ್ವಾದ ಹೇಳಿದ ಕೂಡಲೇ ಯಾರು ಬೇಕಾದರೂ ಶೆಡ್ಡಿಗೆ ಬಂದು ಯಾರ ಮಗುವನ್ನು ಬೇಕಾದರೂ ಎತ್ತಿಕೊಂಡು ಹೋಗುತ್ತಿದ್ದರು. ಊರು ಬಿಟ್ಟು ಬಂದವರು ನಾವು. ಹುಬ್ಬಳ್ಳಿಯವರ ಮಗುವಿಗೆ ಮೈಸೂರಿನವರು ಚಿಕ್ಕಪ್ಪ, ಕೊಳ್ಳೇಗಾಲದವರ ಮಗುವಿಗೆ ಗದಗಿನವರು ಅತ್ತೆ. ಮಗು ಯಾಕೆ ನಿಮ್ಮ ಸೊಂಟದ ಮೇಲಿದೆ ಎಂದು ಕೇಳಿದರೆ ಅದು ಅವಮಾನ. ಈ ನಗರದಲ್ಲಿ ಹೀಗೆ ಬದುಕುವ ಜನ ಇನ್ನೆಲ್ಲಿದ್ದಾರೆ ಎಂದು ನಾನೂ ಬೀಗುತ್ತಿದ್ದೆ.

ಆ ಭಾನುವಾರ ಟೀ ಜೊತೆ ಉಪ್ಪಿಟ್ಟು ಇತ್ತು. ಮಕ್ಕಳು ಹೋದ ಮೇಲೆ ನಾನು ಮೀನಿನ ಬಾಯಿಯ ಬಿಟ್ಟುಹೋದ ಹೊಲಿಗೆ ನೋಡುತ್ತಾ ಕೂತಿದ್ದೆ. ಕೊಳ್ಳೇಗಾಲದ ಕಡೆಯ ನರ್ಸಮ್ಮ ಶೆಡ್ಡಿನ ಬಾಗಿಲಿಗೆ ಬಂದರು. ರಾತ್ರಿ ಡ್ಯೂಟಿ ಮುಗಿಸಿ, ಮನೆಗೆ ಹೋಗಿ ಮಗಳನ್ನು ರೆಡಿ ಮಾಡಿಕೊಂಡು ಆರಾಧನೆಗೆ ಬರುವವರು ಅವರು. ಗಂಡ ಹೊರದೇಶದಲ್ಲಿ. ಐದು ವರ್ಷದ ಮಗಳು, ಎಲ್ಲರಿಗೂ ಪಾಪು.

“ಅಣ್ಣ, ಪಾಪು ಎಲ್ಲವ್ಳೆ?”

“ಈಗ ಹೋದಳಲ್ಲಮ್ಮ. ಯಾರೋ ಕರಕೊಂಡು ಹೋದರು.”

“ಯಾರು?”

ಟೀಚರಕ್ಕನ ಕಡೆ ನೋಡಿದೆ. ಅವರು, “ಅಕಿ ಇನ್ಶೂರೆನ್ಸ್ ಸಾಹೇಬ್ರ ಮನಿಯವರ ಸಂಗಾಟ ಹ್ವಾದ್ಲಲ್ರಿ,” ಎಂದರು. ಇನ್ಶೂರೆನ್ಸ್ ಸಾಹೇಬರೆಂದರೆ ನಮ್ಮ ಸಭೆಯ ಕಾರ್ಯದರ್ಶಿಗಳು. ಅವರ ಮನೆಯವರನ್ನು ಕೇಳಿದರೆ, “ಅಯ್ಯೋ, ಹುಡುಗಿ ಟೀ ಹತ್ತಿರ ಅಮ್ಮನ್ನ ನೋಡ್ತೀನಿ ಅಂತ ಕೈ ಬಿಡಿಸ್ಕೊಂಡ್ಳು. ಅಮ್ಮ ಅಲ್ಲೇ ಇದ್ದಾಳೆ ಅಂದ್ಕೊಂಡೆ,” ಎಂದರು. ಟೀ ಹತ್ತಿರ ಇದ್ದವರು ಸಭೆಯ ಅಜ್ಜಿಯೊಬ್ಬರ ಹತ್ತಿರ ಇದೆ ಅಂದುಕೊಂಡಿದ್ದರು. ಅಜ್ಜಿ ನನ್ನ ಹತ್ತಿರ ಇದೆ ಅಂದುಕೊಂಡಿದ್ದರು. ಇಡೀ ಸಭೆ ಆ ಮಗುವನ್ನು ಇನ್ನೊಬ್ಬರ ಹತ್ತಿರ ಬಿಟ್ಟು ನಿಶ್ಚಿಂತೆಯಿಂದ ಉಪ್ಪಿಟ್ಟು ತಿಂದಿತ್ತು.

ಮೊದಲು ಮೀನಿನ ಹೊಟ್ಟೆಯೊಳಗೆ ಕೈ ಹಾಕಿದೆ. ನಗು ಬರಬಹುದು ಓದುವವರಿಗೆ. ಆಗ ಭುಜದವರೆಗೂ ತೂರಿಸಿ ತಡಕಾಡಿದೆ. ಆಮೇಲೆ ಕಕ್ಕಸು, ಜನರೇಟರಿನ ಹಿಂದೆ, ನೀರಿನ ಸಂಪಿನ ಮುಚ್ಚಳ. ಮುಚ್ಚಳ ಗಟ್ಟಿಯಾಗಿ ಕೂತಿತ್ತು. ಆದರೂ ಎತ್ತಿ ನೋಡಿದೆ. ಕಾರ್ಯದರ್ಶಿಗಳು ಮಂಡಿನೋವು ಇಟ್ಟುಕೊಂಡು ಅಣ್ಣಾ ನಗರದ ಮೇನ್ ರೋಡಿನವರೆಗೂ ಓಡಿದರು, ಅದನ್ನು ಹೇಳದೆ ಹೋದರೆ ನ್ಯಾಯವಲ್ಲ. ನರ್ಸಮ್ಮ ಅಳಲಿಲ್ಲ. ಕಾಂಪೌಂಡಿನ ಗೇಟಿನಲ್ಲಿ ನಿಂತು ಒಳಗೆ ಬರುವ, ಹೊರಗೆ ಹೋಗುವ ಪ್ರತಿಯೊಬ್ಬರ ಕೈಯನ್ನೂ ನೋಡುತ್ತಿದ್ದರು.

ಅಷ್ಟರಲ್ಲಿ ತಮಿಳು ಆರಾಧನೆ ಶುರುವಾಗಿತ್ತು. ಅವರ ಸಂಡೇ ಸ್ಕೂಲು ಮಾಳಿಗೆಯ ಮೇಲೆ. ಅಲ್ಲಿ ಹೋಗಿ ನೋಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ನಮ್ಮ ಮಕ್ಕಳು ಅಲ್ಲಿಗೆ ಹೋಗುವವರಲ್ಲ. ಬೇರೆಲ್ಲೂ ಸಿಗದೆ ಕೊನೆಗೆ ನಾನು ಮೆಟ್ಟಿಲ ಕಡೆ ಹೊರಟಾಗ ಸಮಿತಿಯವರೊಬ್ಬರು ತಡೆದರು. “ಪ್ರಾರ್ಥನೆ ನಡೀತಿದೆ, ಡಿಸ್ಟರ್ಬ್ ಮಾಡ್ಬೇಡಿ. ಜಾಗ ಕೊಟ್ಟಿರೋರು ಅವರು.” ನಾನು ನಿಲ್ಲಲಿಲ್ಲ.

ಮೇಲಿನ ಕೋಣೆಯಲ್ಲಿ ಎ.ಸಿ. ಹಾಕಿತ್ತು. ಬಾಗಿಲು ತೆಗೆದ ಹುಡುಗಿಯಂಥ ಟೀಚರು, “ಯಾರೈ ತೇಡುರೀಂಗ ಅಣ್ಣಾ?” ಎಂದು ಕೇಳಿದರು. ಹುಡುಕುತ್ತಿರುವುದು ಯಾರನ್ನು ಎಂದು ಹೇಳುವ ಮೊದಲೇ ನನಗೆ ಕಂಡಿತು. ಮುಂದಿನ ಸಾಲಿನಲ್ಲಿ ಪಾಪು ಕೂತಿತ್ತು. ಒಂದು ಕೈಯಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಹಳದಿ ಕ್ರೇಯಾನು. ಟೀ ಹತ್ತಿರ ಮಾಳಿಗೆಗೆ ಹೊರಟ ಮಕ್ಕಳ ಸಾಲು ಕಂಡಿದೆ, ಸಾಲಿನ ಹಿಂದೆ ಹೋಗಿದೆ. ಹೆಸರು ಕೇಳಿದ್ದಾರೆ, ತಮಿಳಿನಲ್ಲಿ ಚೆನ್ನಾಗಿ ಹೇಳಿದೆ. ಹೊಸದಾಗಿ ಬಂದ ಕುಟುಂಬ ಇರಬೇಕು ಎಂದು ಅವರು ಕೂರಿಸಿಕೊಂಡಿದ್ದಾರೆ. ಅವರದೇನು ತಪ್ಪು?

ಕೆಳಗೆ ಕರೆತಂದಾಗ ನರ್ಸಮ್ಮ ಮಗುವಿನ ಬೆನ್ನಿಗೆ ಒಂದು ಏಟು ಹಾಕಿ, ಎತ್ತಿಕೊಂಡು, ನನ್ನ ಕಡೆ ತಿರುಗಿದರು. “ನಾನು ಯಾರ್ನೂ ಬಯ್ಯಕ್ಕಿಲ್ಲ ಅಣ್ಣ. ಇನ್ನು ಪಾಪುನ ಯಾರತ್ರನೂ ಬುಡಕ್ಕಿಲ್ಲ, ಅಷ್ಟೇಯ.” ಆಟೋ ಹಿಡಿದು ಹೋದರು.

ಆ ವಾರ ನಾನು ಹೊಲಿದ ಸೋಫಾದ ಒಂದು ಸೀಟಿಗೆ ಬಟ್ಟೆಯ ಹೂವು ತಲೆಕೆಳಗಾಗಿ ಬಂತು. ಇಷ್ಟು ವರ್ಷದಲ್ಲಿ ಹಾಗಾದದ್ದಿಲ್ಲ. ಬಿಚ್ಚಿದೆ, ಮತ್ತೆ ಹೊಲಿದೆ. ಮಗು ಸಿಕ್ಕಿದೆ, ಇನ್ನೇನು ಎಂದು ಹೆಂಡತಿ ಹೇಳಿದಳು. ಸಿಕ್ಕಿದ್ದು ಸರಿ. ಇನ್ನೊಂದು ಸಾಲಿನ ಹಿಂದೆ ಹೋಗಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಕತ್ತರಿ ಕೆಳಗಿಟ್ಟು ಅಂಗಡಿಯ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದೆ.

ಮುಂದಿನ ಭಾನುವಾರ ನರ್ಸಮ್ಮ ಬರಲಿಲ್ಲ. ಆರಾಧನೆಯ ನಂತರ ಸಮಿತಿ ಕೂತಿತು. ಕಾರ್ಯದರ್ಶಿಗಳು ಮೈಸೂರಿನವರಾದರೂ ಮೂರು ತಲೆಮಾರಿನಿಂದ ಇಲ್ಲೇ ಇರುವವರು.

“ನಾನ್ ಹೇಳೋದು ಸಿಂಪಲ್. ನಮ್ಮ ಪಿಳ್ಳೆಗಳಿಗೆ ತಮಿಳೇ ಬರೋದು. ಮೇಲೆ ಎ.ಸಿ. ಇದೆ, ಪ್ರೊಜೆಕ್ಟರ್ ಇದೆ, ಟ್ರೈನಿಂಗ್ ಆದ ಟೀಚರ್‌ಗಳಿದ್ದಾರೆ. ಅಲ್ಲಿಗೇ ಸೇರಿಸಿಬಿಡೋಣ. ಆ ಮಗು ಅಲ್ಲಿ ಅಳ್ಲೂ ಇಲ್ಲ, ಜಾಲಿಯಾಗಿ ಕೂತಿತ್ತು.”

ಚುಚ್ಚಿದ್ದು ಅದೇ. ಅತ್ತಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೋ ಏನೋ. ನಾನು, “ಹಂಗಾದ್ರೆ ದೊಡ್ಡವರೂ ಅವರ ಆರಾಧನೆಗೇ ಹೋಗೋಣ ಸಾರ್. ನಿಮಗೂ ತಮಿಳು ಬರುತ್ತಲ್ಲ,” ಎಂದೆ.

ಯಾರೋ ಕೆಮ್ಮಿದರು. ಅಯ್ಯನವರು ಕನ್ನಡಕ ತೆಗೆದು ಒರೆಸಿದರು. “ಮಕ್ಕಳ ಭಾನುವಾರದವರೆಗೆ ಸಂಡೇ ಸ್ಕೂಲು ಹೀಗೇ ನಡೆಯಲಿ. ಅಷ್ಟರಲ್ಲಿ ನೀವು ಒಂದು ವ್ಯವಸ್ಥೆ ಮಾಡಿ. ಆ ತಾಯಿ ಮತ್ತೆ ತನ್ನ ಮಗುವನ್ನು ನಮ್ಮ ಹತ್ತಿರ ಬಿಡುವ ಹಾಗಾದರೆ ಶೆಡ್ಡು ಇರಲಿ. ಇಲ್ಲದಿದ್ದರೆ ಸಾರ್ ಹೇಳಿದ್ದನ್ನು ನೋಡೋಣ.”

ವ್ಯವಸ್ಥೆ ಎಂದರೆ ನನಗೆ ತಿಳಿಯುವುದು ಮರ ಮತ್ತು ಬಟ್ಟೆ. ಶೆಡ್ಡಿಗೆ ಮೊದಲು ಒಂದು ಅರ್ಧ ಬಾಗಿಲು ಮಾಡಿದೆ. ದೊಡ್ಡವರ ಎದೆಯವರೆಗೆ ಬರುವಷ್ಟು ಎತ್ತರ, ಚಿಲಕ ಒಳಗಡೆ, ಮಕ್ಕಳ ಕೈಗೆ ಎಟುಕದ ಹಾಗೆ ಮೇಲೆ. ಆಮೇಲೆ ಬಟ್ಟೆ. ಹೊಸ ಡಿಸೈನ್ ಬಂದಾಗ ಅಂಗಡಿಯವರು ಹಳೆ ಸ್ಯಾಂಪಲ್ ತುಂಡುಗಳನ್ನು ನಮ್ಮಂಥವರಿಗೆ ಕೊಟ್ಟುಬಿಡುತ್ತಾರೆ. ಅಂಗೈ ಅಗಲದ ತುಂಡುಗಳು, ಒಂದರ ಹಾಗೆ ಇನ್ನೊಂದಿಲ್ಲ. ಒಂದೊಂದನ್ನೂ ನಡುವೆ ಹಲ್ಲು ಹಲ್ಲಾಗಿ ಕತ್ತರಿಸಿ, ಅಂಚು ನೂಲು ಬಿಡದ ಹಾಗೆ ಹೊಲಿದೆ. ಅರ್ಧ ಮಗುವಿಗೆ, ಅರ್ಧ ಕರೆತಂದವರಿಗೆ. ಹೋಗುವಾಗ ಎರಡೂ ಕೂಡಿದರೆ ಮಾತ್ರ ಬಾಗಿಲು ತೆಗೆಯುವುದು.

ಕೇಳುವುದಕ್ಕೆ ಸುಲಭ. ಮೊದಲ ವಾರ ಮಗುವಿನ ತುಂಡಿಗೆ ವೆಲ್‌ಕ್ರೋ ಹಾಕಿ ಕೈಗೆ ಕಟ್ಟಿದೆ. ಪ್ರಾರ್ಥನೆಯ ಹೊತ್ತಿಗೆ ಎಲ್ಲಾ ಮಕ್ಕಳೂ ಒಟ್ಟಿಗೆ ಚರ್ರ್ ಎಂದು ಬಿಚ್ಚಿ, ಚರ್ರ್ ಎಂದು ಅಂಟಿಸತೊಡಗಿದರು. “ಅಣ್ಣಾರ, ಇದೇನ್ ಹಚ್ಚೀರಿ? ದೇವರಿಗೆ ನನ್ನ ಪ್ರಾರ್ಥನಿ ಕೇಳ್ತದೋ, ಈ ಹರಿಯೂ ಸಪ್ಪಳ ಕೇಳ್ತದೋ?” ಎಂದರು ಟೀಚರಕ್ಕ. ಎರಡನೇ ವಾರ ಎಲಾಸ್ಟಿಕ್ ಹಾಕಿದೆ. ಸದ್ದು ನಿಂತಿತು, ವ್ಯಾಪಾರ ಶುರುವಾಯಿತು. “ಅಂಕಲ್, ಎನಕ್ಕು ಗೋಲ್ಡ್ ವೇಣುಂ,” ಎಂದು ಒಬ್ಬಳು ಬಂಗಾರದ ಜರಿಯ ತುಂಡಿಗೆ ಹಠ ಹಿಡಿದು, ನಾನು ಕೊಡದಿದ್ದಾಗ ಗೆಳತಿಯ ಹತ್ತಿರ ಚಾಕೊಲೇಟ್ ಕೊಟ್ಟು ಬದಲಾಯಿಸಿಕೊಂಡಿದ್ದಳು. ಹೋಗುವಾಗ ಬಟ್ಟೆಯ ಪ್ರಕಾರ ಅವಳು ಬೇರೆಯವರ ಮಗಳಾಗಿದ್ದಳು. ಮೂರನೇ ವಾರ ಕಾಲಿಗೆ ಕಟ್ಟಿದೆ. ಕಾಲಿನಲ್ಲಿರುವುದನ್ನು ಮಕ್ಕಳು ಮರೆಯುತ್ತಾರೆ. ವ್ಯಾಪಾರವೂ ನಿಂತಿತು.

ನಿಲ್ಲದೆ ಇದ್ದದ್ದು ದೊಡ್ಡವರ ಬಾಯಿ. “ಏನಯ್ಯಾ, ನಮ್ ಮಗೂನ ನಮಗೆ ಕೊಡೋಕೆ ಟೋಕನ್ನಾ? ರೇಷನ್ ಅಂಗಡಿ ಇಟ್ಟಿದ್ದೀಯಾ?” “ಸಕ್ಕರೆ ಬಂದಿದೆಯಾ ನೋಡಪ್ಪ.” ಒಬ್ಬರು ನನ್ನ ಎದುರಿಗೇ ಇನ್ನೊಬ್ಬರಿಗೆ ಹೇಳಿದರು: “ಸೋಫಾದವನಿಗೆ ನಾವೆಲ್ಲ ಕಳ್ಳರ ಥರ ಕಾಣ್ತೀವಿ.” ನಾನು ನಗುತ್ತಾ ತುಂಡುಗಳನ್ನು ಕೂಡಿಸಿ ನೋಡುತ್ತಿದ್ದೆ. ನಗು ಒಳಗಿನದಲ್ಲ.

ಟೀಚರಕ್ಕ ಎರಡು ಸಲ ನರ್ಸಮ್ಮನ ಮನೆಗೆ ಹೋಗಿ ಬಂದಿದ್ದರು. ನನ್ನನ್ನು ಮಾತ್ರ, “ನೀವು ಬ್ಯಾಡ್ರಿ, ನಿಮ್ಮ ಮಾತು ಒರಟು,” ಎಂದು ಬಿಟ್ಟುಹೋದರು. ಮೂರನೇ ವಾರವೇ ನರ್ಸಮ್ಮ ಬಂದರು, ಮಗುವನ್ನು ಎತ್ತಿಕೊಂಡು. ನಾನು ಹೆಮ್ಮೆಯಿಂದ ಬಟ್ಟೆಯ ಕೆಲಸ ತೋರಿಸಿದೆ. ಕೈಯಲ್ಲಿ ಹಿಡಿದು ನೋಡಿ, “ಇದೇನಣ್ಣ ಹೊಸದಾ? ನಮ್ ವಾರ್ಡಲ್ಲಿ ಹೆರಿಗೆ ಆದೇಟ್ಗೆ ತಾಯಿ ಕೈಗೊಂದು, ಮಗೀನ್ ಕಾಲ್ಗೊಂದು ಕಟ್ತೀವಿ,” ಎಂದರು.

ಅಷ್ಟು ಭಾನುವಾರ ತಲೆ ಕೆಡಿಸಿಕೊಂಡು ಕಂಡುಹಿಡಿದದ್ದು ಆಸ್ಪತ್ರೆಯಲ್ಲಿ ದಿನಾ ನಡೆಯುವ ಕೆಲಸ. ನಾನು ಏನೋ ಗೊಣಗಿದೆ.

“ಬರೀ ಬಟ್ಟೆ ನೋಡ್ಬೇಡಿ ಅಣ್ಣ. ಕೊಡೋ ಮುಂದೆ ಮಗೀನ್ ಮೊಕಾನೂ ನೋಡಿ. ಅದು ಯಾರ ಕಡೀಕೆ ತಿರುಗ್ತದೆ ಅಂತ.”

ಅದನ್ನೂ ಸೇರಿಸಿಕೊಂಡೆ. ಬಟ್ಟೆ ಕೂಡಿದ ಮೇಲೆ ಮಗುವನ್ನು ಕೇಳುವುದು: ಇವರು ಯಾರು? ಯಾವ ಭಾಷೆಯಲ್ಲಿ ಹೇಳಿದರೂ ಸರಿ.

ಆದರೆ ನರ್ಸಮ್ಮ ಮಗುವನ್ನು ಬಿಟ್ಟುಹೋಗಲಿಲ್ಲ. ಕಾಲಿಗೆ ಬಟ್ಟೆ ಕಟ್ಟಿಸಿ ಒಳಗೆ ಕಳಿಸಿ, ಅರ್ಧ ಬಾಗಿಲಿನ ಎದುರು ಮೆಟ್ಟಿಲ ಮೇಲೆ ಬಿಸಿಲಿಗೆ ಕೂತರು. ಇಡೀ ರಾತ್ರಿ ನಿಂತ ಕಾಲು. ಕಣ್ಣು ಕೆಂಪಗೆ, ಮಗಳ ಮೇಲೇ. ಆರಾಧನೆಗೆ ಹೋಗಿ ಎಂದರೆ, “ಇಲ್ಲೇ ಕೇಳ್ತದೆ ಅಣ್ಣ,” ಎನ್ನುತ್ತಿದ್ದರು. ಪ್ರತಿ ಭಾನುವಾರವೂ ಹೀಗೇ. ಕಥೆ ಹೇಳುತ್ತಾ ಆ ಕಣ್ಣಿನಿಂದ ತಪ್ಪಿಸಿಕೊಳ್ಳಲು ನನಗೆ ಆಗುತ್ತಿರಲಿಲ್ಲ. ದಾವೀದ ಕಲ್ಲು ಎಸೆಯುವ ಹೊತ್ತಿಗೆ ಮಾತು ತೊದಲಿ, “ಅಂಕಲ್, ಅಪ್ಪುರಂ?” ಎಂದು ಮಕ್ಕಳು ಮುಂದಿನದನ್ನು ಕೇಳಿ ನನ್ನನ್ನು ಎಳೆಯಬೇಕಾಗುತ್ತಿತ್ತು.

ಅಂಥ ಒಂದು ಭಾನುವಾರ ಕಾರ್ಯದರ್ಶಿಗಳು ಮೊಮ್ಮಗನನ್ನು ಕರೆದುಕೊಂಡು ಹೋಗಲು ಬಂದರು. ಕೈ ಖಾಲಿ.

“ಬಟ್ಟೆ ಸಾರ್?”

“ಮನೆಯವಳ ಬ್ಯಾಗಲ್ಲಿದೆಯಪ್ಪ. ಅವಳು ಬಸ್ ಸ್ಟಾಪಿಗೆ ಹೋದ್ಳು. ಬಿಡು, ಲೇಟಾಗುತ್ತೆ.”

ಹಿಂದೆ ಸಾಲು ನಿಂತಿತ್ತು. ಹುಡುಗ ಆಗಲೇ “ತಾತಾ” ಎಂದು ಬಾಗಿಲಿಗೆ ಜೋತುಬಿದ್ದಿದ್ದ. ಅನುಮಾನದ ಮಾತೇ ಇಲ್ಲ. ಚಿಲಕದ ಮೇಲೆ ನನ್ನ ಕೈ ಇತ್ತು, ತೆಗೆದುಬಿಡುತ್ತಿದ್ದೆ. ಮೆಟ್ಟಿಲ ಮೇಲೆ ನರ್ಸಮ್ಮ ಎದ್ದು ನಿಂತದ್ದು ಕಂಡಿತು. ನನ್ನ ಕೈಯನ್ನು ನೋಡುತ್ತಿದ್ದರು, ಅವತ್ತು ಗೇಟಿನಲ್ಲಿ ಎಲ್ಲರ ಕೈ ನೋಡಿದ ಹಾಗೆ. ಗೊತ್ತಿರುವವರಿಗೆ ಬಿಡಬಹುದು ಎಂದಾದರೆ ಇಲ್ಲಿ ಗೊತ್ತಿಲ್ಲದವರು ಯಾರಿದ್ದಾರೆ? ಪಾಪುವನ್ನು ಕಳೆದವರೂ ಗೊತ್ತಿರುವವರೇ.

“ಆಗಲ್ಲ ಸಾರ್. ಬಟ್ಟೆ ತರಿಸಿ.”

“ನಾನು ಯಾರು ಅಂತ ನಿನಗೆ ತೆರಿಯಾದಾ?”

“ಗೊತ್ತು ಸಾರ್. ಅದಕ್ಕೇ ಆಗಲ್ಲ ಅಂತಿರೋದು.”

“ಏಳನೇ ಕ್ಲಾಸ್ ಓದಿ ನನಗೆ ರೂಲ್ಸ್ ಹೇಳ್ತೀಯಾ?”

ಆ ಮಾತು ಬಂದದ್ದೇ ನನ್ನ ದನಿ ಏರಿತು. “ಏಳನೇ ಕ್ಲಾಸಿನವನ ಹತ್ತಿರ ಮಗೂನ ಬಿಡುವಾಗ ಯೋಚನೆ ಮಾಡಬೇಕಿತ್ತು. ಸೈಡಿಗೆ ನಿಲ್ಲಿ, ಹಿಂದಿನವರು ಬರಲಿ.” ಟೀ ಸಾಲಿನಲ್ಲಿದ್ದ ತಮಿಳು ಸಭೆಯವರೂ ತಿರುಗಿ ನೋಡಿದರು. ಕಾರ್ಯದರ್ಶಿಗಳು ಪಕ್ಕಕ್ಕೆ ನಿಂತರು, ಬೆವರು ಒರೆಸಿಕೊಂಡರು, ಫೋನ್ ಮಾಡಿದರು. ಅವರ ಮನೆಯವರು ಬಸ್ ಬಿಟ್ಟು ವಾಪಸ್ ಬಂದು ತುಂಡನ್ನು ಬಾಗಿಲ ಮೇಲೆ ಎಸೆದರು. ಕೂಡಿಸಿ ನೋಡಿದೆ. ಕೂಡಿತು. ಇವರು ಯಾರು ಎಂದು ಹುಡುಗನನ್ನು ಕೇಳಿದೆ. “ಪಾಟ್ಟಿ ಕೋಪಮಾ ಇರುಕ್ಕಾಂಗ,” ಎಂದ. ಅಜ್ಜಿಗೆ ಸಿಟ್ಟು ಬಂದಿದೆ ಎಂಬುದು ಸತ್ಯವೇ. ಬಾಗಿಲು ತೆಗೆದೆ.

ಆ ವಾರವಿಡೀ ಫೋನ್ ಸದ್ದಾದರೆ ಅಯ್ಯನವರದೇ ಎಂದು ಕೈಕೆಲಸ ಬಿಟ್ಟು ನೋಡುತ್ತಿದ್ದೆ. ಶನಿವಾರ ಅವರದೇ ಫೋನ್ ಬಂತು. “ನಿಯಮ ಸರಿ. ದನಿ ಸರಿಯಿಲ್ಲ,” ಎಂದರು ಅಷ್ಟೇ. ಭಾನುವಾರ ಬೆಳಿಗ್ಗೆ ಕಾರ್ಯದರ್ಶಿಗಳು ಸ್ಕೂಟರ್ ನಿಲ್ಲಿಸುವ ಜಾಗಕ್ಕೇ ಹೋದೆ.

“ಸಾರ್, ಅವತ್ತು ದನಿ ಜೋರಾಯ್ತು. ಮನಸ್ಸಿಗೆ ತಗೋಬೇಡಿ.”

“ಅಂದ್ರೆ ಇನ್ಮೇಲೆ?”

“ಇನ್ಮೇಲೆ ಮೆಲ್ಲಗೆ ಹೇಳ್ತೀನಿ ಸಾರ್. ಬಟ್ಟೆ ಮಾತ್ರ ಬೇಕು.”

ಅವರು ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸಿ, ನನ್ನ ಮುಖ ನೋಡದೆ, “ಸರಿಯಾದ ಆಸಾಮಿ,” ಎಂದು ಹೊರಟುಹೋದರು. ಇವತ್ತಿಗೂ ನನ್ನ ಜೊತೆ ಹೆಚ್ಚು ಮಾತಿಲ್ಲ. ಮೊಮ್ಮಗ ಬರುತ್ತಾನೆ, ಬಟ್ಟೆಯೂ ಬರುತ್ತದೆ.

ಮಕ್ಕಳ ಭಾನುವಾರ ಹತ್ತಿರ ಬಂತು. ಆ ದಿನ ಇಡೀ ಆರಾಧನೆ ಮಕ್ಕಳದೇ. ವಾಕ್ಯ ಓದುವುದು, ಕಾಣಿಕೆ ಎತ್ತುವುದು, ಹಾಡು, ಎಲ್ಲವನ್ನೂ ಹಂಚಿಯಾಗಿತ್ತು. ಆದರೆ ಸಮಿತಿ ಕಾಯುತ್ತಿದ್ದದ್ದು ಹಾಡಿಗಲ್ಲ. ನರ್ಸಮ್ಮ ಇನ್ನೂ ಮೆಟ್ಟಿಲ ಮೇಲೇ. ಇದು ಬಿಟ್ಟ ಹಾಗೋ, ಬಿಡದ ಹಾಗೋ ಎಂದು ಸಮಿತಿಯೇ ತೀರ್ಮಾನಿಸಬೇಕಿತ್ತು.

ಅದಕ್ಕೆ ಹಿಂದಿನ ಭಾನುವಾರ ಒಪ್ಪಿಸುವ ಕೆಲಸ ಚುರುಕಾಗಿ ನಡೆಯಿತು. ಬಾಗಿಲ ಮುಂದಿನ ಸಾಲು ಕರಗಿತು. ಟೀಚರಕ್ಕ ಚಾಪೆ ಸುತ್ತಿದರು. ತಿರುಗಿ ನೋಡಿದರೆ ಪಾಪು ಒಬ್ಬಳೇ ಉಳಿದಿದ್ದಳು. ಮೆಟ್ಟಿಲ ಮೇಲೆ ಯಾರೂ ಇಲ್ಲ. ಪ್ರತಿ ವಾರ ಮೊದಲು ಕೈ ಚಾಚುವವರು ಅವರು.

“ಅಮ್ಮಾ ಎಂಗೆ?” ಎಂದಳು ಪಾಪು.

“ಬಾ, ನೋಡೋಣ.”

ಅವಳ ಕೈ ಗಟ್ಟಿಯಾಗಿ ಹಿಡಿದು ಹೊರಟೆ. ಗೇಟಿನಲ್ಲಿಲ್ಲ, ಟೀ ಹತ್ತಿರ ಇಲ್ಲ. ನನ್ನ ಹೆಜ್ಜೆ ತಾನಾಗಿ ಜೋರಾಯಿತು, ಮಗು ಓಡುತ್ತಾ ಬರಬೇಕಾಯಿತು. ಆರಾಧನೆಯ ಹಾಲಿನೊಳಗೆ ತಮಿಳು ಸಭೆಯವರು ಬಂದು ಕೂರುತ್ತಿದ್ದರು, ಮೈಕು ಪರೀಕ್ಷೆ ಮಾಡುತ್ತಿದ್ದರು. ಕೊನೆಯ ಬೆಂಚಿನಲ್ಲಿ, ಫ್ಯಾನಿನ ಕೆಳಗೆ, ಕಂಬಕ್ಕೆ ತಲೆ ಒರಗಿಸಿಕೊಂಡು ನರ್ಸಮ್ಮ ನಿದ್ದೆ ಹೋಗಿದ್ದರು. ಮಗುವನ್ನು ನಮ್ಮ ಹತ್ತಿರ ಬಿಟ್ಟು ಯಾವಾಗ ಮೆಟ್ಟಿಲಿಂದೆದ್ದು ಒಳಗೆ ಹೋದರೋ ನಾನು ನೋಡಿಯೇ ಇರಲಿಲ್ಲ. ಚಪ್ಪಲಿ ಕಳಚಿ ಪಕ್ಕಕ್ಕಿತ್ತು. ಬಾಯಿ ಸ್ವಲ್ಪ ತೆರೆದಿತ್ತು.

ಪಾಪು ಎಬ್ಬಿಸಲು ಕೈ ಚಾಚಿತು. ತಡೆದು, ಅದೇ ಬೆಂಚಿನ ಈ ತುದಿಯಲ್ಲಿ ಕೂರಿಸಿಕೊಂಡು ನಾನೂ ಕೂತೆ. ಜಾಗ ತೋರಿಸುತ್ತಿದ್ದ ತಮಿಳು ಸಭೆಯ ಹಿರಿಯರೊಬ್ಬರು ಬಗ್ಗಿ, “ಎಳುಪ್ಪಟ್ಟುಮಾ ತಂಬಿ?” ಎಂದು ಕೇಳಿದರು, ಎಬ್ಬಿಸಲೇ ಎಂದು. “ವೇಂಡಾಂ ಐಯಾ,” ಎಂದೆ.

ಮೊದಲ ಹಾಡು ಶುರುವಾಯಿತು. ಎಲ್ಲರೂ ಎದ್ದರು, ನಾವಿಬ್ಬರೂ ಎದ್ದೆವು. ಪಾಪುವಿಗೆ ಆ ಹಾಡು ಬರುತ್ತಿತ್ತು, ಬೆಂಚಿನ ಮೇಲೆ ನಿಂತು ನನ್ನ ಭುಜ ಹಿಡಿದು ಹಾಡಿತು. ಅಷ್ಟು ಸದ್ದಿನಲ್ಲೂ ನರ್ಸಮ್ಮನಿಗೆ ಎಚ್ಚರವಾಗಲಿಲ್ಲ. ಮಡಿಲಲ್ಲಿ ಬಿಗಿಯಾಗಿ ಮುಚ್ಚಿದ ಮುಷ್ಟಿ, ಬೆರಳುಗಳ ಸಂದಿಯಲ್ಲಿ ಬಟ್ಟೆಯ ಹಲ್ಲು ಹಲ್ಲಿನ ಅಂಚು. ಕೂಡಿಸಿ ನೋಡಿ ಮಗುವನ್ನು ಒಪ್ಪಿಸುವ ಕೆಲಸ ಇನ್ನೂ ಬಾಕಿ ಇತ್ತು. ಪಲ್ಲಾವರಂನಲ್ಲಿ ಒಂದು ಸೋಫಾ ಅರ್ಧಕ್ಕೆ ನಿಂತಿತ್ತು. ಹಾಡು ಮುಗಿದು ಎಲ್ಲರೂ ಕೂತಾಗ ನಾನೂ ಕೂತೆ.